ಹಿತ್ತಲು ಹೂ ಬಿಟ್ಟಾಗ



ಕೊನೆಕೊಯ್ಲು ಮುಗಿದು, ಅಡಿಕೆ ಬೇಯಿಸುವ ಹಂಡೆ ಒಲೆಯಿಂದಿಳಿದು, ಒಣಗಿದ ಮಾಲು ಮಂಡಿ ಸೇರಿದ ಮೇಲೆ ನಮಗೆಲ್ಲ ಒಂದಿಷ್ಟು ಉಸಿರು ಬಿಡಲು ಪುರುಸೊತ್ತು ಸಿಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಮನೆಯ ಹಿತ್ತಲು ಹೂ ಬಿಟ್ಟಿರುತ್ತದೆ.

ಶಿಕಾರಿಪುರ ಸೀಮೆಯ ಕುಮುದ್ವತಿಯ ದಡವಿರಲಿ, ಸೊರಬದ ದಂಡಾವತಿ, ವರದಾ ತೀರವಿರಲಿ, ನೋಟ ಹೆಚ್ಚುಕಡಿಮೆ ಒಂದೇ. ಬಾವಿಕಟ್ಟೆಯ ಪಕ್ಕ ನುಗ್ಗೆಯ ಬಿಳಿ ಗೊಂಚಲು, ಬೇಲಿಯುದ್ದಕ್ಕೂ ಗೊಬ್ಬರಗಿಡದ ನಸುಗೆಂಪು ಹೂ, ಮೈತುಂಬ ಹೂ ಹೊತ್ತ ಮಾವು, ಸಂಜೆಗೆ ಬಿರಿಯುವ ಮಲ್ಲಿಗೆ. ಪಂಪನು ಹತ್ತನೆಯ ಶತಮಾನದಲ್ಲಿ ಮಲ್ಲಿಗೆ ಅರಳಿದಾಗೆಲ್ಲ ನೆನೆದ ಬನವಾಸಿ ನಮ್ಮ ಸೊರಬಕ್ಕೆ ತಾಗಿಕೊಂಡೇ ಇದೆ. ಆತ ನೆನೆದದ್ದು ಅರಮನೆಯ ತೋಟವನ್ನಲ್ಲ, ಇಂಥದೇ ಯಾವುದೋ ಹಿತ್ತಲನ್ನು ಎಂದು ನಮಗೆ ಅನ್ನಿಸುವುದುಂಟು.

ಆದರೆ ಈ ಹೂವು ಕೇವಲ ಕಣ್ಣಿಗೆ ಹಬ್ಬವಲ್ಲ. ಅದನ್ನು ನಾವು ಕಲಿತದ್ದು ಒಂದು ತಪ್ಪಿನಿಂದ.

ಕೆಲವು ವರ್ಷಗಳ ಹಿಂದೆ ನಮ್ಮ ಹಿತ್ತಲ ಮಾವಿಗೆ ಜಿಗಿಹುಳು ಬಿದ್ದಿತ್ತು. ಮಿಡಿ ಉದುರೀತೆಂಬ ಆತುರದಲ್ಲಿ, ಹೂವು ಪೂರ್ತಿ ಅರಳಿದ್ದಾಗಲೇ ಬೆಳಗಿನ ಎಂಟು ಗಂಟೆಗೆ ಕೀಟನಾಶಕ ಹೊಡೆಸಿದೆವು. ಮನೆಯವರು ಬೇಡವೆಂದರು, ನಾವು ಕೇಳಲಿಲ್ಲ. ಸಂಜೆಗೆ ಅವರ ತುಡುವೆ ಪೆಟ್ಟಿಗೆಯ ಮುಂದೆ ಸತ್ತ ಜೇನುಹುಳುಗಳು ಗೋಣಿಯ ಮೇಲೆ ಹರಡಿದ ಕಾಳಿನಂತೆ ಬಿದ್ದಿದ್ದವು. ಅವರು ಒಂದು ಮಾತೂ ಆಡದೆ ಗುಡಿಸಿದರು. ಆ ವರ್ಷ ಹಿತ್ತಲಿನ ಬಳ್ಳಿಗಳಲ್ಲಿ ಸೌತೆ, ಕುಂಬಳ ಹೂ ಬಿಟ್ಟವೇ ಹೊರತು ಕಾಯಿ ಕಚ್ಚಿದ್ದು ಬೆರಳೆಣಿಕೆಯಷ್ಟು.

ಕಾರಣ ಸರಳ. ಈ ಬಳ್ಳಿಗಳಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಪರಾಗವನ್ನು ಹೊತ್ತೊಯ್ಯಲು ಹುಳುಗಳೇ ಬೇಕು. ಅಡಿಕೆಯ ಸಿಂಗಾರಕ್ಕೆ ಗಾಳಿಯೇ ಮುಖ್ಯ ದಲ್ಲಾಳಿ. ಜೇನು ಅಲ್ಲಿಗೆ ಬರುವುದು ಪರಾಗ ಮೇಯಲು. ಆದರೆ ತೋಟದ ನಡುವೆ ರೊಬಸ್ಟಾ ಕಾಫಿ ಹಾಕಿರುವ ಸದಸ್ಯರು ಇದನ್ನು ಗಮನಿಸಬೇಕು: ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟದು. ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನೋ ತಂದುಕೊಡಬೇಕು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಅರಳುವ ಕಾಫಿ ಹೂವಿನ ಆಯುಷ್ಯ ಎರಡು ಮೂರು ದಿನ ಮಾತ್ರ. ಆ ಮೂರು ದಿನ ದುಡಿಯುವ ಜೇನಿಗೆ ಅದಕ್ಕೂ ಮೊದಲಿನ ತಿಂಗಳುಗಳಲ್ಲಿ ಊಟ ಹಾಕುವವರು ಯಾರು? ನುಗ್ಗೆ, ಮಾವು, ನಿಂಬೆ, ಗೊಬ್ಬರಗಿಡ, ಅಂದರೆ ಹಿತ್ತಲು.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣದ ತುಡುವೆ ಕುಟುಂಬಗಳ ಬಹುಪಾಲು ನಾಶವಾಯಿತು. ಪೆಟ್ಟಿಗೆಗಳು ಅಟ್ಟ ಸೇರಿದ್ದನ್ನು ಹಿರಿಯ ಸದಸ್ಯರು ಮರೆತಿರಲಾರರು. ಅಂದು ರೋಗ ನಮ್ಮ ಕೈ ಮೀರಿತ್ತು. ಇಂದು ಸಿಂಪಡಣೆಯ ಹೊತ್ತು ನಮ್ಮ ಕೈಯಲ್ಲೇ ಇದೆ.

ಆದ್ದರಿಂದ ನಾವು ಮನೆಯಲ್ಲಿ ಮಾಡಿಕೊಂಡಿರುವ ಕಟ್ಟಳೆಯನ್ನು ತಮ್ಮ ಮುಂದಿಡುತ್ತೇವೆ. ಅರಳಿದ ಹೂವಿಗೆ ಕೀಟನಾಶಕ ಬೇಡ. ಮಾವಿಗೆ ಅಗತ್ಯವಿದ್ದರೆ ಹೂ ಅರಳುವ ಮೊದಲು, ಇಲ್ಲವೇ ಮಿಡಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಹೊಡೆಯಬಹುದು. ಸಿಂಗಾರ ಒಣಗುವ ರೋಗಕ್ಕೆ ಶಿಲೀಂಧ್ರನಾಶಕ ಹೊಡೆಯುವಾಗ, "ಇರಲಿ" ಎಂದು ಕೀಟನಾಶಕವನ್ನೂ ಬೆರೆಸುವ ಚಾಳಿ ಬಿಡಬೇಕು. ಹೊಡೆಯಲೇಬೇಕಾದಾಗ ಜೇನು ಗೂಡು ಸೇರಿದ ಸಂಜೆಯ ಹೊತ್ತು ಲೇಸು. ಬಿಸಿಲುಗಾಲದಲ್ಲಿ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟು, ಮುಳುಗದಂತೆ ನಾಲ್ಕು ಕಲ್ಲು ಹಾಕಿದರೆ ಅದೂ ಉಪಕಾರವೇ.

ಇನ್ನೊಂದು ಮಾತು. ಗದ್ದೆಗಳು ತೋಟವಾಗುತ್ತಿವೆ, ತೋಟಗಳು ಮನೆಯ ಜಗಲಿಯವರೆಗೂ ಬರುತ್ತಿವೆ. ಹತ್ತು ಅಡಿಕೆ ಸಸಿಗಾಗಿ ಹಿತ್ತಲನ್ನು ಬಲಿ ಕೊಡುವ ಮುನ್ನ ಮನೆಯ ಹೆಂಗಸರನ್ನು ಒಂದು ಮಾತು ಕೇಳಿರಿ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮಂಥ ಗಂಡಸರನ್ನು ಕಂಡೇ ಹುಟ್ಟಿರಬೇಕು.

ಮುಂದಿನ ಮಳೆಗಾಲದಲ್ಲಿ ನಮ್ಮ ಖಾಲಿ ಪೆಟ್ಟಿಗೆಯನ್ನು ತೊಳೆದು, ಮೇಣ ಸವರಿ, ಹಲಸಿನ ಬುಡದಲ್ಲಿಟ್ಟೆವು. ಎರಡು ವರ್ಷ ಅದು ಖಾಲಿಯೇ ಇತ್ತು. ಮೂರನೆಯ ವರ್ಷ, ಹಿತ್ತಲು ಹೂ ಬಿಟ್ಟ ಕಾಲದಲ್ಲಿ, ಮನೆಯವರು ಅಡುಗೆ ಬಿಟ್ಟು ಬಂದು ನಮ್ಮನ್ನು ಕರೆದರು. ಪೆಟ್ಟಿಗೆಯ ಬಾಗಿಲಲ್ಲಿ ತುಡುವೆ ಓಡಾಡುತ್ತಿತ್ತು.