ಹೆಸರಿಗಾಗಿ ಹಿಯರಿಂಗ್

ಹಾಲಿನ ನಂದಿನಿಗೂ ಹೋಟೆಲಿನ ನಂದಿನಿಗೂ ಹೆಸರಿನ ವ್ಯಾಜ್ಯ ನಡೆದದ್ದು ವರ್ಷಗಟ್ಟಲೆ. ಕರ್ನಾಟಕ ಹಾಲು ಮಹಾಮಂಡಳ ಆ ಹೆಸರು ಬಳಸತೊಡಗಿದ್ದು 1985ರಲ್ಲಿ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲು 1989ರಲ್ಲಿ. ಹೋಟೆಲಿನವರು ಮಾಂಸ, ಮೀನು ಮೊದಲಾದ ಪದಾರ್ಥಗಳಿಗೆ ಟ್ರೇಡ್‌ಮಾರ್ಕ್ ಕೇಳಿದಾಗ ಮಹಾಮಂಡಳ ತಕರಾರು ತೆಗೆಯಿತು. 2007ರಲ್ಲಿ ಚೆನ್ನೈನ ಉಪ ರಿಜಿಸ್ಟ್ರಾರ್ ಹೋಟೆಲಿನ ಪರ ಆದೇಶ ಕೊಟ್ಟರು. 2011ರಲ್ಲಿ ಮೇಲ್ಮನವಿ ಮಂಡಳಿ ಅದನ್ನು ತಿರುವುಮುರುವು ಮಾಡಿತು, 2014ರಲ್ಲಿ ಹೈಕೋರ್ಟ್ ಮಂಡಳಿಯನ್ನೇ ಸಮರ್ಥಿಸಿತು. 2018ರ ಜುಲೈ 26ರಂದು ಸುಪ್ರೀಂ ಕೋರ್ಟ್ ಮತ್ತೆ ಹೋಟೆಲಿನ ಕಡೆ ನಿಂತಿತು. ಕಾರಣ, ಒಂದರ ಲೋಗೊದಲ್ಲಿ ಹಸು, ಇನ್ನೊಂದರಲ್ಲಿ ದೀಪ; ಮಾರುವ ಸರಕೂ ಬೇರೆ; ನಂದಿನಿ ಯಾರೂ ಹೊಸದಾಗಿ ಹುಟ್ಟಿಸಿದ ಹೆಸರಲ್ಲ. ಹಾಲು, ಹಾಲಿನ ಉತ್ಪನ್ನಗಳನ್ನು ಮಾತ್ರ ಹೋಟೆಲಿನ ನೋಂದಣಿಯಿಂದ ಕೈಬಿಡಲಾಯಿತು.

ಸಣ್ಣ ವ್ಯಾಪಾರಿಗಳಿಗೆ ಎದುರಾಗುವ ಟ್ರೇಡ್‌ಮಾರ್ಕ್ ಹಿಯರಿಂಗ್ ಇಷ್ಟು ದೂರ ಹೋಗುವುದು ಅಪರೂಪ. ಅರ್ಜಿ ಪರಿಶೀಲಿಸಿದ ಅಧಿಕಾರಿ ತಮ್ಮ ವರದಿಯಲ್ಲಿ ಆಕ್ಷೇಪ ಎತ್ತುತ್ತಾರೆ. ತಿಂಗಳೊಳಗೆ ಉತ್ತರ ಕೊಡಬೇಕು. ಉತ್ತರ ಸಮಾಧಾನ ತರದಿದ್ದರೆ ವಿಚಾರಣೆಯ ನೋಟಿಸು ಬರುತ್ತದೆ. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರಿದರೂ ಈಗ ವಿಡಿಯೊ ಕಾನ್ಫರೆನ್ಸ್ ಇರುವುದರಿಂದ ಹುಬ್ಬಳ್ಳಿಯವರು ರೈಲು ಹತ್ತಬೇಕಿಲ್ಲ.

ಆಕ್ಷೇಪ ಟ್ರೇಡ್‌ಮಾರ್ಕ್ ಕಾಯ್ದೆಯ ಯಾವ ಕಲಮಿನದು ಎಂಬುದನ್ನು ಮೊದಲು ನೋಡಬೇಕು. ಚಕ್ಕುಲಿಗೆ ‘ಗರಿಗರಿ’ ಎಂದು ಹೆಸರಿಟ್ಟರೆ ಅದು ಸರಕಿನ ಗುಣವನ್ನಷ್ಟೇ ಹೇಳುತ್ತದೆ. ಇದು 9ನೇ ಕಲಮಿನ ತಕರಾರು. ಇನ್ನೊಬ್ಬರ ಗುರುತನ್ನು ಹೋಲುತ್ತದೆ ಎಂಬುದು 11ನೇ ಕಲಮು.

ಎರಡರಲ್ಲೂ ಕೈಹಿಡಿಯುವುದು ಹಳೆಯ ಕಾಗದಪತ್ರ. ಅರ್ಜಿಯಲ್ಲಿ ‘2012ರಿಂದ ಬಳಕೆ’ ಎಂದು ಬರೆದು, ಬಿಲ್ಲುಗಳು 2015ರಿಂದ ಶುರುವಾದರೆ ಅಧಿಕಾರಿಯ ಕಣ್ಣು ಅಲ್ಲೇ ನಿಲ್ಲುತ್ತದೆ. ಬಿಲ್ಲಿನ ತಲೆಯಲ್ಲಿ ಮಾಲೀಕರ ಹೆಸರಿದ್ದು ಬ್ರ್ಯಾಂಡ್ ಎಲ್ಲೂ ಇಲ್ಲದಿದ್ದರೆ ಕಂತೆಗಟ್ಟಲೆ ಒದಗಿಸಿದರೂ ಹೆಚ್ಚು ಪ್ರಯೋಜನವಿಲ್ಲ. ಬ್ರ್ಯಾಂಡ್ ಅಚ್ಚಾದ ಪ್ಯಾಕೆಟ್ಟು, ದಿನಾಂಕ ಕಾಣುವ ಪತ್ರಿಕಾ ಜಾಹೀರಾತು, ಮುದ್ರಣಾಲಯದ ರಸೀದಿಗಳನ್ನು ವರ್ಷವಾರು ಜೋಡಿಸಿ ಅಫಿಡವಿಟ್ಟಿನೊಂದಿಗೆ ಮುಂಚಿತವಾಗಿಯೇ ಅಪ್‌ಲೋಡ್ ಮಾಡಬೇಕು.

ಅರ್ಜಿದಾರರೇ ಮಾತಾಡಬಹುದು, ವಕೀಲರನ್ನೋ ನೋಂದಾಯಿತ ಟ್ರೇಡ್‌ಮಾರ್ಕ್ ಏಜೆಂಟರನ್ನೋ ಕಳಿಸಬಹುದು. ಸಿಗುವುದು ಕೆಲವೇ ನಿಮಿಷ. ವ್ಯಾಪಾರ ಬೆಳೆದ ಕಥೆಗೆ ಅಲ್ಲಿ ಪುರುಸೊತ್ತಿಲ್ಲ. ವರದಿಯಲ್ಲಿ ತೋರಿಸಿದ ಪ್ರತಿಯೊಂದು ಹಳೆಯ ಗುರುತಿನ ವರ್ಗ ಯಾವುದು, ಸರಕು ಯಾವುದು, ನೋಂದಣಿ ಇನ್ನೂ ಜೀವಂತವೇ ಎಂಬುದಕ್ಕೆ ನೇರ ಉತ್ತರ ಬೇಕು. ನೋಂದಣಿಯ ಅವಧಿ 10 ವರ್ಷ. ನವೀಕರಿಸದೆ ಬಿದ್ದುಹೋದ ಗುರುತು ಅಡ್ಡ ಬಂದಿದ್ದರೆ ಅದನ್ನು ಎತ್ತಿ ತೋರಿಸಬಹುದು. ಸರಕಿನ ಪಟ್ಟಿಯಿಂದ ಒಂದೆರಡನ್ನು ಬಿಡಲು ಒಪ್ಪಿದರೆ ಕೆಲವೊಮ್ಮೆ ಗಂಟು ಸಡಿಲವಾಗುತ್ತದೆ.

ಒಪ್ಪಿಗೆ ಸಿಕ್ಕರೆ ಹೆಸರು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ತಿರಸ್ಕಾರವಾದರೆ ಮೂರು ತಿಂಗಳೊಳಗೆ ಮೇಲ್ಮನವಿ ಹೂಡಬೇಕು. ಹಿಂದಿನ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾಗಿರುವುದರಿಂದ ಈಗ ಹೋಗಬೇಕಾದದ್ದು ಹೈಕೋರ್ಟಿಗೆ.