ಮಧ್ಯಾಹ್ನ ಮನೆಯಲ್ಲಿ ನೀರಿರುತ್ತದೆಯೇ?

2010ರ ಮೇ 21ರಂದು ಅಹಮದಾಬಾದಿನ ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ಬೇಸಿಗೆಯಲ್ಲಿ ನಗರದ ಒಂದು ಆಸ್ಪತ್ರೆಯ ವೈದ್ಯರು ಸೆಖೆಗೇ ಮೈ ಕಾದು ಬಳಲುತ್ತಿದ್ದ ಹಸುಗೂಸುಗಳನ್ನು ಕಂಡರು. ಬಾಣಂತಿಯರ ವಾರ್ಡು ಇದ್ದದ್ದು ಕಟ್ಟಡದ ತುತ್ತತುದಿಯ ಮಹಡಿಯಲ್ಲಿ, ನೇರ ತಾರಸಿಯ ಕೆಳಗೆ. ವಾರ್ಡನ್ನು ಕೆಳಗಿಳಿಸಿದ ಮೇಲೆ ಇಂಥ ಪ್ರಕರಣಗಳು ಕಡಿಮೆಯಾದವು. ಹವಾಮಾನ ಇಲಾಖೆ ಊರಿಗೆಲ್ಲ ಒಂದೇ ಅಂಕಿ ಕೊಡುತ್ತದೆ. ಆ ಸೆಖೆಯನ್ನು ಒಬ್ಬೊಬ್ಬರೂ ಎಷ್ಟೆಷ್ಟು ಉಣ್ಣಬೇಕು ಎಂಬುದನ್ನು ಮಾತ್ರ ತಲೆಯ ಮೇಲಿನ ಸೂರು, ಮಾಡುವ ಕೆಲಸ, ಮನೆಯ ಕೊಡದಲ್ಲಿರುವ ನೀರು ತೀರ್ಮಾನಿಸುತ್ತವೆ.

ಆ ಮೇ ತಿಂಗಳಲ್ಲಿ ನಗರದಲ್ಲಿ ಸಾಮಾನ್ಯಕ್ಕಿಂತ 1,344 ಸಾವುಗಳು ಹೆಚ್ಚಾಗಿದ್ದವು. ಇದು ತಿಳಿದದ್ದು ಆಮೇಲೆ, ಮರಣ ನೋಂದಣಿಯ ಲೆಕ್ಕವನ್ನು ಹಿಂದುಮುಂದಿನ ವರ್ಷಗಳೊಂದಿಗೆ ಹೋಲಿಸಿ ನೋಡಿದಾಗ. ಬಿಸಿಲಿಗೆ ಸತ್ತವರ ಮರಣಪತ್ರದಲ್ಲಿ ‘ಬಿಸಿಲು’ ಎಂದು ಬರೆದಿರುವುದು ಅಪರೂಪ. ಮೈ ತಣಿಸಲು ಹೃದಯ ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ದೂಡಬೇಕು, ಬೆವರಾಗಿ ನೀರು ಹರಿದುಹೋಗಬೇಕು. ಮೊದಲೇ ದಣಿದ ಹೃದಯವೋ ಮೂತ್ರಪಿಂಡವೋ ಅಲ್ಲಿ ಸೋತರೆ ಪತ್ರದಲ್ಲಿ ಆ ಅಂಗದ ಹೆಸರೇ ಬರುತ್ತದೆ. ಹೀಗಾಗಿ ಎಷ್ಟು ಜನ ಸತ್ತರು ಎಂಬುದನ್ನು ಲೆಕ್ಕ ಹೇಳೀತು. ಮುಂದಿನ ಬೇಸಿಗೆಯಲ್ಲಿ ಯಾರನ್ನು ಕಾಯಬೇಕು ಎಂದು ತಿಳಿಯಲು ಮನೆಗಳಿಗೇ ಹೋಗಿ ಕೇಳಬೇಕಿತ್ತು.

ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ, ಅಹಮದಾಬಾದ್ ಮಹಾನಗರಪಾಲಿಕೆ, ಅಮೆರಿಕದ ಪರಿಸರ ಸಂಸ್ಥೆ ಎನ್‌ಆರ್‌ಡಿಸಿ ಮತ್ತು ಅಲ್ಲಿಯದೇ ಎಮೊರಿ ವಿಶ್ವವಿದ್ಯಾಲಯ ಈ ಕೆಲಸದಲ್ಲಿ ಕೈಜೋಡಿಸಿದವು. ಕೊಳೆಗೇರಿಗಳ 300 ಮನೆಗಳ ಸಮೀಕ್ಷೆ ನಡೆಯಿತು. ಲಕ್ಷಗಟ್ಟಲೆ ಜನರಿರುವ ನಗರಕ್ಕೆ 300 ಮನೆ ಸಾಕೇ ಎಂದು ಅನ್ನಿಸಬಹುದು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ಆದರೆ ಅದು ಚೆನ್ನಾಗಿ ಕಲಕಿದ ಪಾತ್ರೆಯ ಅಗುಳಾಗಿರಬೇಕು. ಸಮೀಕ್ಷೆಯಲ್ಲಿ ಆ ಕಲಕುವ ಕೆಲಸವನ್ನು ಚೀಟಿ ಎತ್ತುವ ವಿಧಾನ ಮಾಡುತ್ತದೆ. ಮೊದಲು ಬಡಾವಣೆಗಳನ್ನು, ಆಮೇಲೆ ಅವುಗಳೊಳಗಿನ ಮನೆಗಳನ್ನು ಯಾರ ಇಷ್ಟಕ್ಕೂ ಬಿಡದೆ ಆರಿಸುತ್ತಾರೆ. ಹಾಗೆ ಮಾಡದಿದ್ದರೆ ಕೇಳುವವರು ರಸ್ತೆಗೆ ಹತ್ತಿರದ, ಬಾಗಿಲು ತೆರೆದಿರುವ, ನಗುತ್ತಾ ಬರಮಾಡಿಕೊಳ್ಳುವ ಮನೆಗಳಿಗಷ್ಟೇ ಹೋಗಿ ಬಂದುಬಿಡುತ್ತಾರೆ. ಒಳಗಲ್ಲಿಯ ಕೊನೆಯ ತಗಡಿನ ಮನೆ ಲೆಕ್ಕಕ್ಕೇ ಸಿಗುವುದಿಲ್ಲ.

ಪ್ರಶ್ನೆಯ ಮಾತೂ ಅಷ್ಟೇ ಮುಖ್ಯ. ‘ಬಿಸಿಲಿನಿಂದ ತೊಂದರೆಯಾಯಿತೇ?’ ಎಂದು ಕೇಳಿದರೆ ‘ಬೇಸಿಗೆ ಅಂದಮೇಲೆ ಸೆಖೆ ಇದ್ದದ್ದೇ’ ಎಂಬ ಉತ್ತರ ಬರುತ್ತದೆ. ತಲೆ ಸುತ್ತಿತೇ, ವಾಂತಿಯಾಯಿತೇ, ಕಾಲು ಸೆಳೆಯಿತೇ, ಯಾವ ಹೊತ್ತಿನಲ್ಲಿ, ಆಗ ಎಲ್ಲಿದ್ದಿರಿ ಎಂದು ಬಿಡಿಬಿಡಿಯಾಗಿ ಕೇಳಿದರೆ ಜನ ಯೋಚಿಸಿ ಹೇಳುತ್ತಾರೆ. ಬೇಸಿಗೆ ಕಳೆದು ತಿಂಗಳುಗಳಾದ ಮೇಲೆ ಕೇಳಿದರೆ ನೆನಪು ಮಸುಕಾಗಿರುತ್ತದೆ. ದೊಡ್ಡ ಸಂಕಟ ಉಳಿದು ಸಣ್ಣದು ಮರೆತಿರುತ್ತದೆ. ಸಮೀಕ್ಷೆಗಳಿಗೆಲ್ಲ ಇರುವ ತೊಡಕು ಇದು. ಉತ್ತರಗಳನ್ನು ಓದುವವರು ಇದನ್ನು ಮರೆಯುವಂತಿಲ್ಲ.

ಅಹಮದಾಬಾದಿನ ಆ ಸಮೀಕ್ಷೆಯಲ್ಲಿ ವಯಸ್ಸು ಮತ್ತು ಮೊದಲೇ ಇದ್ದ ಕಾಯಿಲೆಯ ಜೊತೆಗೆ ಇನ್ನೆರಡು ಸಂಗತಿಗಳು ಎದ್ದು ಕಂಡವು. ಒಂದು, ಕೆಲಸ ಮಾಡುವ ಜಾಗ. ಇನ್ನೊಂದು, ನೀರಿನಂಥ ಸೌಕರ್ಯ ಮತ್ತು ಆರೋಗ್ಯದ ಮಾಹಿತಿ ಕೈಗೆ ಎಟುಕುತ್ತದೆಯೇ ಇಲ್ಲವೇ ಎಂಬುದು. ವಯಸ್ಸನ್ನು ಯಾವ ಪಾಲಿಕೆಯೂ ಬದಲಿಸಲಾರದು. ನೀರು, ನೆರಳು, ಸುದ್ದಿ, ಕೆಲಸದ ಹೊತ್ತು ಇವನ್ನು ಬದಲಿಸಬಹುದು.

2013ರಲ್ಲಿ ಅಹಮದಾಬಾದ್ ತನ್ನ ಬಿಸಿಲು ಕ್ರಿಯಾ ಯೋಜನೆಯನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯಾದ ನಗರವೊಂದರಲ್ಲಿ ಇಂಥದ್ದು ಅದೇ ಮೊದಲು. ಮುನ್ಸೂಚನೆಗೆ ತಕ್ಕಂತೆ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು, 45 ಡಿಗ್ರಿ ಮುಟ್ಟಿದರೆ ಕೆಂಪು. ಕುಡಿಯುವ ನೀರಿನ ಏರ್ಪಾಡು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಬಡಾವಣೆಗಳಿಗೆ ಸಂದೇಶ ಎಲ್ಲವೂ ಅದರಲ್ಲಿದ್ದವು. 2017ರಲ್ಲಿ ಕೊಳೆಗೇರಿಯ ಸೂರುಗಳಿಗೆ ಬಿಳಿ ಬಳಿಯುವ ಕೆಲಸವೂ ಸೇರಿಕೊಂಡಿತು. ಬಿಳಿ ಬಣ್ಣ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ, ಒಳಗೆ ಕೆಲವು ಡಿಗ್ರಿ ತಂಪು. ಯೋಜನೆ ಬಂದ ಮೇಲೆ, 2014 ಮತ್ತು 2015ರಲ್ಲಿ, ವರ್ಷಕ್ಕೆ ಸರಾಸರಿ 1,190 ಸಾವುಗಳು ತಪ್ಪಿರಬಹುದೆಂದು ಮುಂದೆ ಒಂದು ಅಧ್ಯಯನ ಅಂದಾಜಿಸಿತು. ಅಂದಾಜು ಎಂಬುದನ್ನು ಒತ್ತಿ ಹೇಳುತ್ತೇನೆ. ಆ ಬೇಸಿಗೆಗಳು 2010ರಷ್ಟು ಕಠೋರವಾಗಿರಲಿಲ್ಲ. ಯೋಜನೆಯ ಪಾಲೆಷ್ಟು, ಉಳಿದ ಕಾರಣಗಳದ್ದೆಷ್ಟು ಎಂದು ಬೇರ್ಪಡಿಸುವುದೂ ಸುಲಭವಲ್ಲ.

ಕೇಳದ ಪ್ರಶ್ನೆಗೆ ಉತ್ತರ ಬರುವುದಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ. ‘ಬಿಸಿಲಲ್ಲಿ ಚೆನ್ನಾಗಿ ನೀರು ಕುಡಿಯಿರಿ’ ಎಂದು ಎಲ್ಲ ಪ್ರಕಟಣೆಗಳೂ ಹೇಳುತ್ತವೆ. ಕಟ್ಟಡ ಕೆಲಸದ ಜಾಗದಲ್ಲಿ ಹೆಂಗಸರಿಗೆ ಶೌಚಾಲಯ ಇಲ್ಲದಿದ್ದರೆ ಅವರು ಬೇಕೆಂದೇ ನೀರು ಕಡಿಮೆ ಕುಡಿಯುತ್ತಾರೆ. ‘ನೀರು ಸಿಗುತ್ತದೆಯೇ?’ ಎಂಬ ಪ್ರಶ್ನೆಗೆ ಅಂಥ ಹೆಂಗಸು ‘ಹೂಂ’ ಎನ್ನುತ್ತಾಳೆ. ಬಾಯಾರಿಕೆ ಮಾತ್ರ ನಮೂನೆಯ ಯಾವ ಕಾಲಂನಲ್ಲೂ ಬರುವುದಿಲ್ಲ. ಪ್ರಶ್ನೆ ಬರೆಯುವ ಹೊತ್ತಿಗೇ ಆಕೆಯೂ ಜೊತೆಗೆ ಕುಳಿತಿರಬೇಕು. ಕರ್ನಾಟಕಕ್ಕೆ ಇದು ಹೊಸ ವಿಚಾರವಲ್ಲ. 1980ರ ದಶಕದ ಕೊನೆಯಲ್ಲಿ ಗ್ರಾಮಾಭಿವೃದ್ಧಿಯ ಕೆಲಸ ಮಾಡುವ ಮೈರಾಡ ಸಂಸ್ಥೆಯವರು ನಮ್ಮ ಬರದ ಸೀಮೆಗಳಲ್ಲಿ ಸಹಭಾಗಿ ಗ್ರಾಮ ಸಮೀಕ್ಷೆಯನ್ನು ಬೆಳೆಸಿದರು. ಅಲ್ಲಿ ಊರಿನವರೇ ನೆಲದ ಮೇಲೆ ರಂಗೋಲಿ ಪುಡಿ ಹಾಕಿ ಹಳ್ಳ, ಬಾವಿ, ಹೊಲಗಳ ನಕ್ಷೆ ಬಿಡಿಸುತ್ತಿದ್ದರು. ಬಂದವರು ಕೂತು ನೋಡಿ ಕಲಿಯುತ್ತಿದ್ದರು.

ಈಗ ಕಲಬುರಗಿಗೆ ಬನ್ನಿ. ಆ ಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಒಳ್ಳೆಯ ಕ್ರಮ. ಶಹಾಬಾದಿನ ಕಲ್ಲಿನ ಗಣಿಗೆ, ಇಟ್ಟಿಗೆ ಭಟ್ಟಿಗೆ, ಮಾರುಕಟ್ಟೆಯ ಹಮಾಲರಿಗೆ ಆ ವೇಳಾಪಟ್ಟಿ ಇಲ್ಲ. ಅಹಮದಾಬಾದಿನ ಉತ್ತರಗಳನ್ನು ಹಾಗೇ ಎತ್ತಿ ಇಲ್ಲಿಗೆ ತಂದರೂ ಆಗದು. ಪತ್ರಾಸಿನ ಸೂರು ಬೇಗ ಕಾದು ಬೇಗ ಆರುತ್ತದೆ, ನಡುಮಧ್ಯಾಹ್ನ ಅದರಡಿ ಕೂರಲಾಗದು. ಫರಸಿ ಕಲ್ಲು ಹೊದಿಸಿದ ಮನೆ ಮಧ್ಯಾಹ್ನ ತಡೆದುಕೊಳ್ಳುತ್ತದೆ. ದಿನವಿಡೀ ಕುಡಿದ ಕಾವನ್ನು ಅದು ಸಂಜೆಯ ಮೇಲೆ ಒಳಗೆ ಬಿಡುತ್ತಾ ಹೋಗುತ್ತದೆ. ಹಗಲಿನ ಗರಿಷ್ಠ ಉಷ್ಣಾಂಶ ನೋಡಿ ಕೊಡುವ ಎಚ್ಚರಿಕೆಯಲ್ಲಿ ಆ ರಾತ್ರಿ ಇಲ್ಲವೇ ಇಲ್ಲ. ಆಶಾ ಕಾರ್ಯಕರ್ತೆ ಹೇಗೂ ಆ ಮನೆಗಳ ಬಾಗಿಲಿಗೆ ಹೋಗುತ್ತಾಳೆ. ಈ ಹೆಚ್ಚಿನ ಕೆಲಸಕ್ಕೆ ತಕ್ಕ ಹಣ ಕೊಟ್ಟು ಅವಳ ಕೈಗೆ ಇನ್ನು ಕೆಲವು ಪ್ರಶ್ನೆಗಳನ್ನು ಕೊಡಬಹುದು: ಸೂರು ಯಾವುದರದು? ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ? ರಾತ್ರಿ ಎಷ್ಟು ಗಂಟೆಯ ಮೇಲೆ ಒಳಗೆ ನಿದ್ದೆ ಹತ್ತುತ್ತದೆ? ಅಂಗಳದಲ್ಲಿ ಮಲಗಲು ಹೆಣ್ಣುಮಕ್ಕಳಿಗೆ ಧೈರ್ಯವಿದೆಯೇ?