ದೋಷಯುಕ್ತ ವಾಹನ ಖರೀದಿ ಮತ್ತು ಗ್ರಾಹಕರ ಹಕ್ಕುಗಳು

ದೋಷಯುಕ್ತ ವಾಹನ ಎಂದರೆ ಗುಣಮಟ್ಟ, ಸಾಮರ್ಥ್ಯ ಅಥವಾ ನಿಗದಿತ ಮಾನದಂಡದಲ್ಲಿ ಕೊರತೆಯುಳ್ಳ ವಾಹನ. ಭಾರತದಲ್ಲಿ ಇಂತಹ ವಾಹನವನ್ನು ಕೊಂಡವರಿಗೆ ದೊರೆಯುವ ಪರಿಹಾರವನ್ನು ಮುಖ್ಯವಾಗಿ ಗ್ರಾಹಕ ಸಂರಕ್ಷಣಾ ಕಾಯಿದೆ, 2019 ನಿರ್ಧರಿಸುತ್ತದೆ. ಸರಕು ಮಾರಾಟ ಕಾಯಿದೆ, 1930 ಹಾಗೂ ಮೋಟಾರು ವಾಹನಗಳ ಕಾಯಿದೆ, 1988 ಇದಕ್ಕೆ ಪೂರಕವಾಗಿವೆ. ದೋಷದ ಸ್ವರೂಪಕ್ಕೆ ಅನುಗುಣವಾಗಿ ಉಚಿತ ದುರಸ್ತಿ, ಬಿಡಿಭಾಗದ ಬದಲಾವಣೆ, ಹೊಸ ವಾಹನ, ಬಡ್ಡಿಸಹಿತ ಹಣ ವಾಪಸಾತಿ, ನಷ್ಟ ಪರಿಹಾರ ಇವುಗಳಲ್ಲಿ ಒಂದನ್ನು ಅಥವಾ ಹೆಚ್ಚನ್ನು ಕೇಳಬಹುದು. ಆದರೆ ದೋಷವಿದೆ ಎಂದು ಹೇಳುವುದಕ್ಕೂ ಅದನ್ನು ಆಯೋಗದ ಮುಂದೆ ಸಾಬೀತುಪಡಿಸುವುದಕ್ಕೂ ಬಹಳ ಅಂತರವಿದೆ. ಈ ಬಗೆಯ ವ್ಯಾಜ್ಯಗಳ ಸೋಲು ಗೆಲುವು ಬಹುಪಾಲು ಆ ಅಂತರದಲ್ಲಿಯೇ ನಿರ್ಣಯವಾಗುತ್ತದೆ.

ಹಿನ್ನೆಲೆ

ಗ್ರಾಹಕರಿಗಾಗಿ ಪ್ರತ್ಯೇಕ ನ್ಯಾಯವ್ಯವಸ್ಥೆ ಭಾರತದಲ್ಲಿ 1986ರ ಕಾಯಿದೆಯಿಂದ ಆರಂಭವಾಯಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತ ಡಿಸೆಂಬರ್ 24ನ್ನು ರಾಷ್ಟ್ರೀಯ ಗ್ರಾಹಕರ ದಿನವಾಗಿ ಆಚರಿಸಲಾಗುತ್ತದೆ. ಅದರ ಸ್ಥಾನದಲ್ಲಿ ಬಂದ 2019ರ ಕಾಯಿದೆ 2020ರ ಜುಲೈ ತಿಂಗಳಲ್ಲಿ ಜಾರಿಗೆ ಬಂದಿತು. ಹಿಂದೆ ‘ವೇದಿಕೆ’ ಎನ್ನಿಸಿಕೊಂಡಿದ್ದ ಜಿಲ್ಲಾ ಮಟ್ಟದ ಸಂಸ್ಥೆ ಈಗ ‘ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ’ವಾಗಿದೆ.

ವಾಹನದ ದೋಷ ಎಷ್ಟು ದೊಡ್ಡ ಸಂಕಟವಾಗಬಲ್ಲದು ಎಂಬುದನ್ನು ಕಲಬುರಗಿ ನಗರದ ಒಂದು ಘಟನೆ ತೋರಿಸಿಕೊಟ್ಟಿತು. 2024ರ ಸೆಪ್ಟೆಂಬರ್‌ನಲ್ಲಿ, ಕೆಲವೇ ದಿನಗಳ ಹಿಂದೆ ಓಲಾ ವಿದ್ಯುತ್ ಸ್ಕೂಟರ್ ಕೊಂಡಿದ್ದ ಗ್ರಾಹಕನೊಬ್ಬ, ದುರಸ್ತಿಗಾಗಿ ಅಲೆದರೂ ಸರಿಯಾದ ಸ್ಪಂದನೆ ಸಿಗಲಿಲ್ಲವೆಂಬ ಸಿಟ್ಟಿನಲ್ಲಿ ಶೋರೂಮಿಗೇ ಬೆಂಕಿ ಹಚ್ಚಿದನೆಂಬ ಆರೋಪದ ಮೇಲೆ ಬಂಧಿತನಾದನು. ಅಲ್ಲಿದ್ದ ಹಲವು ಸ್ಕೂಟರುಗಳು ಸುಟ್ಟುಹೋದವು. ಮರುತಿಂಗಳು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು, ಒಂದು ವರ್ಷದ ಅವಧಿಯಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದ 10,644 ದೂರುಗಳನ್ನು ಆಧರಿಸಿ ಅದೇ ಕಂಪನಿಗೆ ಕಾರಣ ಕೇಳಿ ನೋಟಿಸು ನೀಡಿತು. ದೂರುಗಳಲ್ಲಿ ಶೇ. 99ಕ್ಕಿಂತ ಹೆಚ್ಚಿನವನ್ನು ಪರಿಹರಿಸಲಾಗಿದೆ ಎಂದು ಕಂಪನಿ ಉತ್ತರಿಸಿತು. ಫಿರ್ಯಾದಿಯಾಗಿ ಆಯೋಗದ ಮೆಟ್ಟಿಲು ಹತ್ತಬಹುದಾಗಿದ್ದ ವ್ಯಕ್ತಿ ಆರೋಪಿಯಾಗಿ ಪೊಲೀಸ್ ಠಾಣೆಗೆ ಹೋಗಬೇಕಾಯಿತು. ಅದೇ ನಗರದಲ್ಲಿ, ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಯಾವ ಶುಲ್ಕವೂ ಇಲ್ಲದೆ ದೂರು ಸ್ವೀಕರಿಸುವ ಜಿಲ್ಲಾ ಆಯೋಗವಿದೆ ಎಂಬುದು ಎಷ್ಟೋ ಜನರಿಗೆ ತಿಳಿಯದು.

ಗ್ರಾಹಕ ಯಾರು?

ವಾಹನ ಪ್ರಕರಣಗಳಲ್ಲಿ ಎದುರುದಾರರು ಸಾಮಾನ್ಯವಾಗಿ ಎತ್ತುವ ಮೊದಲ ತಕರಾರು ಇದೇ. ಮರುಮಾರಾಟಕ್ಕಾಗಿ ಅಥವಾ ವಾಣಿಜ್ಯ ಉದ್ದೇಶಕ್ಕಾಗಿ ಸರಕು ಕೊಂಡವನು ಕಾಯಿದೆಯ ದೃಷ್ಟಿಯಲ್ಲಿ ಗ್ರಾಹಕನಲ್ಲ. ಆದರೆ ಸ್ವಯಂ ಉದ್ಯೋಗದ ಮೂಲಕ ಜೀವನೋಪಾಯ ಗಳಿಸುವುದಕ್ಕಾಗಿಯೇ ಕೊಂಡು, ತಾನೇ ಬಳಸುವವನಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ.

ಶಹಾಬಾದ್ ಸಮೀಪದ ಭಂಕೂರದಂತಹ ಊರುಗಳಿಗೆ ಈ ವಿನಾಯಿತಿ ಬಹಳ ಮುಖ್ಯವಾದುದು. ಫರಸಿ ಕಲ್ಲಿನ ಗಣಿಗಳು, ವಾಡಿ ಮತ್ತು ಸೇಡಂ ಭಾಗದ ಸಿಮೆಂಟ್ ಕಾರ್ಖಾನೆಗಳು, ತೊಗರಿಯ ಹೊಲಗಳು ಇರುವ ಈ ಸೀಮೆಯಲ್ಲಿ ಟಂಟಂ, ಸರಕು ಸಾಗಿಸುವ ಆಟೋ, ಟ್ರ್ಯಾಕ್ಟರ್, ಟಿಪ್ಪರ್‌ಗಳು ಅನೇಕ ಮನೆಗಳ ದುಡಿಮೆಯ ಸಾಧನಗಳು. ಬಾಡಿಗೆಗೆ ಓಡುತ್ತದೆ ಎಂಬ ಒಂದೇ ಕಾರಣಕ್ಕೆ ಇವುಗಳನ್ನು ವಾಣಿಜ್ಯ ವಾಹನವೆಂದು ಕರೆದು ದೂರನ್ನು ತಳ್ಳಿಹಾಕುವಂತಿಲ್ಲ. 1995ರಲ್ಲಿ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆಟೋರಿಕ್ಷಾವನ್ನೇ ಉದಾಹರಣೆಯಾಗಿ ತೆಗೆದುಕೊಂಡಿತು. ಹೊಟ್ಟೆಪಾಡಿಗಾಗಿ ಆಟೋ ಕೊಂಡು ತಾನೇ ಓಡಿಸುವವನು ಗ್ರಾಹಕ. ಸಾಗಾಟಕ್ಕೆಂದು ಲಾರಿ ಕೊಂಡು ತಾನೇ ನಡೆಸುವವನೂ ಗ್ರಾಹಕ. ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡ ಮಾತ್ರಕ್ಕೆ ಆ ಸ್ಥಾನ ತಪ್ಪುವುದಿಲ್ಲ. ಆದರೆ ವಾಹನವನ್ನು ಸಂಪೂರ್ಣವಾಗಿ ಬೇರೊಬ್ಬರೇ ಓಡಿಸಲೆಂದು ಕೊಂಡರೆ ಈ ರಕ್ಷಣೆ ದೊರೆಯದು. ನಾಲ್ಕು ಟಿಪ್ಪರ್ ಇಟ್ಟು ಚಾಲಕರಿಂದ ಓಡಿಸುವ ಗುತ್ತಿಗೆದಾರನೂ ಒಂದೇ ಟಂಟಂ ನಂಬಿ ಬದುಕುವ ಚಾಲಕನೂ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ.

ಆದ್ದರಿಂದ ಇಂತಹ ವಾಹನ ಕೊಂಡವರು, ಅದು ತಮ್ಮ ಸ್ವಯಂ ಉದ್ಯೋಗದ ಸಾಧನ ಮತ್ತು ತಾವೇ ಅದರ ಚಾಲಕರು ಎಂಬುದನ್ನು ದೂರಿನಲ್ಲಿಯೇ ಸ್ಪಷ್ಟವಾಗಿ ಬರೆದು, ಚಾಲನಾ ಪರವಾನಗಿಯ ಪ್ರತಿಯನ್ನು ಲಗತ್ತಿಸುವುದು ಅವಶ್ಯ. ಈ ಒಂದು ವಾಕ್ಯ ಬಿಟ್ಟುಹೋದರೆ ದೋಷದ ವಿಚಾರಕ್ಕೆ ಬರುವ ಮೊದಲೇ ಪ್ರಕರಣ ಬಿದ್ದುಹೋಗಬಹುದು.

ದುರಸ್ತಿಯೋ, ಹೊಸ ವಾಹನವೋ?

ವಾಹನದಲ್ಲಿ ತೊಂದರೆ ಕಂಡಾಕ್ಷಣ ಹೊಸದನ್ನೇ ಕೊಡಬೇಕು ಎಂಬುದು ಜನರ ಸಹಜ ಅಪೇಕ್ಷೆ. ನ್ಯಾಯಾಲಯಗಳು ಅಷ್ಟು ಸುಲಭವಾಗಿ ಅದನ್ನು ಒಪ್ಪುವುದಿಲ್ಲ. 2006ರಲ್ಲಿ ಮಾರುತಿ ಉದ್ಯೋಗ್ ಕಂಪನಿಯ ಪ್ರಕರಣದಲ್ಲಿ, ವಾರಂಟಿಯ ಷರತ್ತು ದೋಷಯುಕ್ತ ಭಾಗದ ದುರಸ್ತಿ ಅಥವಾ ಬದಲಾವಣೆಗೆ ಸೀಮಿತವಾಗಿರುವಾಗ ಇಡೀ ಕಾರನ್ನೇ ಬದಲಿಸಿಕೊಡಲು ಆದೇಶಿಸಿದ್ದು ಸರಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಬದಲಿಸಬಹುದಾದ ಭಾಗದ ತೊಂದರೆ ಬೇರೆ, ವಾಹನದೊಳಗೇ ಹುಟ್ಟಿನಿಂದ ಬಂದ ತಯಾರಿಕಾ ದೋಷ ಬೇರೆ.

ತಯಾರಿಕಾ ದೋಷ ಸಿದ್ಧವಾದರೆ ಹಣ ವಾಪಸಾತಿಯ ದಾರಿ ತೆರೆಯುತ್ತದೆ. ಕರ್ನಾಟಕದ ಗ್ರಾಹಕರೊಬ್ಬರು ಕೊಂಡ ಫಿಯೆಟ್ ಕಾರಿನ ಪ್ರಕರಣ 2010ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಸ್ವತಂತ್ರ ತಾಂತ್ರಿಕ ತಜ್ಞರು ವಾಹನವನ್ನು ಪರೀಕ್ಷಿಸಬೇಕು, ಅದರಲ್ಲಿ ಅಂತರ್ಗತ ತಯಾರಿಕಾ ದೋಷವಿದೆಯೆಂದು ಅವರು ಅಭಿಪ್ರಾಯಪಟ್ಟರೆ ಗ್ರಾಹಕರು ಬೆಲೆಯನ್ನು ಮರಳಿ ಪಡೆಯಲು ಅರ್ಹರು ಎಂದು ನ್ಯಾಯಾಲಯ ನಿರ್ದೇಶಿಸಿತು. ಇಡೀ ಪರಿಹಾರವು ತಜ್ಞರ ಒಂದು ವರದಿಯ ಮೇಲೆ ನಿಂತಿರುವುದನ್ನು ಇಲ್ಲಿ ಗಮನಿಸಬೇಕು.

ಆದರೂ ಎಲ್ಲ ಸಂದರ್ಭಗಳಲ್ಲೂ ತಜ್ಞರ ವರದಿ ಅನಿವಾರ್ಯವಲ್ಲ. 2015ರಲ್ಲಿ ಕೊಂಡ ಹ್ಯುಂಡೈ ಕ್ರೆಟಾ ಕಾರೊಂದು 2017ರಲ್ಲಿ ದೆಹಲಿ–ಪಾಣಿಪತ್ ಹೆದ್ದಾರಿಯಲ್ಲಿ ಅಪಘಾತಕ್ಕೆ ಈಡಾದಾಗ ಗಾಳಿಚೀಲಗಳು ತೆರೆದುಕೊಳ್ಳಲಿಲ್ಲ. ಡಿಕ್ಕಿಯ ವೇಗ ಮತ್ತು ಬಲವನ್ನು ಲೆಕ್ಕಹಾಕಲು ಗ್ರಾಹಕನೇನು ಭೌತಶಾಸ್ತ್ರದ ಪಂಡಿತನಲ್ಲ ಎಂಬ ಅರ್ಥದ ಮಾತನ್ನಾಡಿ, ಘಟನೆಯೇ ದೋಷವನ್ನು ಹೇಳುತ್ತದೆಂಬ ತತ್ತ್ವದ ಮೇಲೆ ವಾಹನ ಬದಲಾವಣೆಯ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 2022ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು.

ಯಾರ ಮೇಲೆ ದೂರು ಹೂಡಬೇಕೆಂಬುದೂ ವಿಚಾರಾರ್ಹ. ಗೋವಾದ ಪ್ರಕರಣವೊಂದರಲ್ಲಿ, ಹಿಂದಿನ ವರ್ಷಗಳಲ್ಲಿ ತಯಾರಾಗಿ ಈಗಾಗಲೇ ಓಡಿದ್ದ ಕಾರನ್ನು ಹೊಸದೆಂದು ಮಾರಲಾಗಿತ್ತು. ಆ ವಂಚನೆಯ ಅರಿವು ತಯಾರಕರಿಗಿತ್ತೆಂದು ಸಾಬೀತಾಗದ ಕಾರಣ ಟಾಟಾ ಮೋಟರ್ಸ್ ಹೊಣೆಯಲ್ಲವೆಂದೂ ಹೊಣೆ ಮಾರಾಟಗಾರನದೆಂದೂ 2021ರಲ್ಲಿ ತೀರ್ಪಾಯಿತು. ವಾಹನದ ದೋಷವಿದ್ದಾಗ ತಯಾರಕ ಮತ್ತು ಮಾರಾಟಗಾರ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸುವ ರೂಢಿ ಬಂದಿರುವುದು ಇದರಿಂದಲೇ. ಒಬ್ಬರು ಇನ್ನೊಬ್ಬರತ್ತ ಕೈ ತೋರಿಸಿ ನುಣುಚಿಕೊಳ್ಳುವುದು ಆಗ ಕಷ್ಟ.

ದೋಷದಿಂದ ಮೈಗೆ ಪೆಟ್ಟಾದರೆ, ಜೀವಹಾನಿಯಾದರೆ ಅಥವಾ ಬೇರೆ ಆಸ್ತಿಗೆ ನಷ್ಟವಾದರೆ 2019ರ ಕಾಯಿದೆಯ ಹೊಸ ಅಧ್ಯಾಯವಾದ ಉತ್ಪನ್ನ ಹೊಣೆಗಾರಿಕೆಯ ಅಡಿಯಲ್ಲಿ ಪ್ರತ್ಯೇಕ ಪರಿಹಾರ ಕೇಳಬಹುದು. ವಾಹನಕ್ಕೇ ಆದ ಹಾನಿ ಆ ಅಧ್ಯಾಯದ ವ್ಯಾಪ್ತಿಗೆ ಬರುವುದಿಲ್ಲ.

ಪುರಾವೆ

ಸರ್ವಿಸ್ ಸೆಂಟರಿನಲ್ಲಿ ವಾಹನ ಬಿಟ್ಟಾಗ ಬರೆಯುವ ಜಾಬ್ ಕಾರ್ಡ್ ಈ ವ್ಯಾಜ್ಯಗಳ ಅತಿ ಮುಖ್ಯ ದಾಖಲೆ. ಗ್ರಾಹಕ ಹೇಳಿದ್ದು ‘ಎಂಜಿನ್ ಬಿಸಿಯಾಗಿ ನಿಂತುಹೋಗುತ್ತದೆ’ ಎಂದಿದ್ದು, ಕಾರ್ಡಿನಲ್ಲಿ ‘ಸಾಮಾನ್ಯ ಸರ್ವಿಸ್’ ಎಂದಿದ್ದರೆ ಆಯೋಗದ ಕಣ್ಣಿಗೆ ಬೀಳುವುದು ಎರಡನೆಯದು ಮಾತ್ರ. ಹೇಳಿದ ದೂರು ಹೇಳಿದ ಮಾತಿನಲ್ಲಿಯೇ ದಾಖಲಾಗಿದೆಯೇ, ದಿನಾಂಕ ಮತ್ತು ಓಡಿದ ಕಿಲೋಮೀಟರ್ ನಮೂದಾಗಿದೆಯೇ ಎಂದು ಓದಿ ನೋಡಿಯೇ ಸಹಿ ಮಾಡಬೇಕು. ಒಂದೇ ತೊಂದರೆ ಮೂರು ನಾಲ್ಕು ಕಾರ್ಡುಗಳಲ್ಲಿ ಮರುಕಳಿಸಿದ್ದರೆ ಅದು ತಯಾರಿಕಾ ದೋಷದ ವಾದಕ್ಕೆ ಬಲವಾದ ಆಧಾರ. ಇದಕ್ಕೆ ಪ್ರತಿಯಾಗಿ, ವಾಹನ ಸಾವಿರಾರು ಕಿಲೋಮೀಟರ್ ನಿರಾತಂಕವಾಗಿ ಓಡಿರುವುದು ಮೀಟರಿನಿಂದ ಕಂಡುಬಂದರೆ ವಾದ ದುರ್ಬಲವಾಗುತ್ತದೆ. ನಿಗದಿತ ಸರ್ವಿಸ್ ತಪ್ಪಿಸಿದ್ದು, ಹೊರಗಿನ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿಸಿದ್ದು, ಮಿತಿಮೀರಿ ಭಾರ ಹೇರಿದ್ದು ಇವೆಲ್ಲ ಎದುರುದಾರರ ನೆಚ್ಚಿನ ಸಮರ್ಥನೆಗಳು. ಫರಸಿ ಕಲ್ಲು ಸಾಗಿಸುವ ವಾಹನಗಳ ವಿಷಯದಲ್ಲಿ ಕಡೆಯದನ್ನು ವಿಶೇಷವಾಗಿ ನೆನಪಿಡಬೇಕು.

ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಧರಿಸಲಾಗದಿದ್ದಾಗ ಆಯೋಗವು ಸರಕನ್ನು ಸೂಕ್ತ ಪ್ರಯೋಗಾಲಯದ ಪರೀಕ್ಷೆಗೆ ಒಪ್ಪಿಸಬಹುದು. ವರದಿಗೆ ಸಾಮಾನ್ಯವಾಗಿ 45 ದಿನಗಳ ಅವಧಿ ಇದೆ. ಶುಲ್ಕವನ್ನು ಮೊದಲು ದೂರುದಾರರಿಂದ ಕಟ್ಟಿಸಿಕೊಳ್ಳಬಹುದು. ಮೋಟಾರು ವಾಹನ ನಿರೀಕ್ಷಕರು ಅಥವಾ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕರಂತಹ ಸ್ವತಂತ್ರ ತಜ್ಞರ ನೇಮಕಕ್ಕಾಗಿ ದೂರುದಾರರೇ ಅರ್ಜಿ ಸಲ್ಲಿಸುವುದು ಲೇಸು. ಪರಿಚಯದ ಮೆಕ್ಯಾನಿಕ್ ಬರೆದುಕೊಟ್ಟ ಚೀಟಿಗೆ ಹೆಚ್ಚಿನ ತೂಕ ಸಿಗುವುದಿಲ್ಲ, ಆತ ಎಷ್ಟೇ ಅನುಭವಿಯಾಗಿದ್ದರೂ.

ದೂರು ಸಲ್ಲಿಸುವ ಕ್ರಮ

ಮೊದಲು ಮಾರಾಟಗಾರ ಮತ್ತು ತಯಾರಕರಿಗೆ ದೋಷವನ್ನು ವಿವರಿಸಿ, ಉತ್ತರಿಸಲು ಕಾಲಾವಕಾಶ ಕೊಟ್ಟು, ಲಿಖಿತ ನೋಟಿಸು ಕಳುಹಿಸಿ ಅಂಚೆಯ ರಸೀದಿ ಇಟ್ಟುಕೊಳ್ಳುವುದು ರೂಢಿ. ಸಹಾಯವಾಣಿಯ ಸಂಖ್ಯೆ 1915. ಇಲ್ಲಿ ಬಗೆಹರಿಯದಿದ್ದರೆ ಆಯೋಗಕ್ಕೆ ಹೋಗಬಹುದು. ವ್ಯಾಜ್ಯಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕು. ಪತ್ರವ್ಯವಹಾರ ನಡೆಯುತ್ತಿದೆ ಎಂಬುದರಿಂದ ಈ ಅವಧಿ ತಾನಾಗಿ ಬೆಳೆಯುವುದಿಲ್ಲ. ತಡಕ್ಕೆ ಸಾಕಷ್ಟು ಕಾರಣವಿದ್ದರೆ ಮಾತ್ರ ಆಯೋಗ ಅದನ್ನು ಮನ್ನಿಸಬಹುದು.

ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗ, ಅದಕ್ಕೆ ಮೇಲ್ಪಟ್ಟು 2 ಕೋಟಿವರೆಗೆ ರಾಜ್ಯ ಆಯೋಗ, ಅದನ್ನೂ ಮೀರಿದರೆ ರಾಷ್ಟ್ರೀಯ ಆಯೋಗ. ಜಿಲ್ಲಾ ಆಯೋಗದಲ್ಲಿ 5 ಲಕ್ಷದವರೆಗೆ ಶುಲ್ಕವಿಲ್ಲ. 10 ಲಕ್ಷದವರೆಗೆ 200, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000 ರೂಪಾಯಿ.

2019ರ ಕಾಯಿದೆಯ ದೊಡ್ಡ ಅನುಕೂಲವೆಂದರೆ ದೂರುದಾರನು ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಭಂಕೂರದವರು ಸೊಲ್ಲಾಪುರದಲ್ಲಿಯೋ ಹೈದರಾಬಾದಿನಲ್ಲಿಯೋ ವಾಹನ ಕೊಂಡಿದ್ದರೂ ಕಲಬುರಗಿಯ ಜಿಲ್ಲಾ ಆಯೋಗ ಅವರ ದೂರನ್ನು ವಿಚಾರಿಸಬಲ್ಲದು. ಅಂತರ್ಜಾಲದ ಮೂಲಕ ದೂರು ಸಲ್ಲಿಸುವ ಇ-ದಾಖಿಲ್ ವ್ಯವಸ್ಥೆ 2020ರಲ್ಲಿ ಆರಂಭವಾಯಿತು. ವಿಡಿಯೊ ಮೂಲಕ ವಿಚಾರಣೆಗೆ ಕೋರಿಕೆ ಸಲ್ಲಿಸಲೂ ಕಾಯಿದೆಯಲ್ಲಿ ಅವಕಾಶವಿದೆ. ಚಿಂಚೋಳಿಯಂತಹ ದೂರದ ತಾಲ್ಲೂಕಿನವರಿಗೆ ಒಂದು ದಿನದ ಕೂಲಿ ಉಳಿಸುವ ಸೌಲಭ್ಯವಿದು. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ.

ನೋಟಿಸು ತಲುಪಿದ ಎದುರುದಾರರು 30 ದಿನಗಳಲ್ಲಿ, ಆಯೋಗ ಅನುಮತಿಸಿದರೆ ಇನ್ನೂ 15 ದಿನಗಳಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು. ಈ 45 ದಿನಗಳನ್ನು ಮೀರಿ ವಿಸ್ತರಣೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2020ರಲ್ಲಿ ನಿರ್ಣಯಿಸಿದೆ. ಪ್ರಕರಣವನ್ನು ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದಾಗ ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ವಾಸ್ತವದಲ್ಲಿ ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುವುದುಂಟು.

ಸಾಲದ ಕಂತು

ವಾಹನ ಕೆಟ್ಟು ಮನೆಯ ಮುಂದೆ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಸಾಲದ ಒಪ್ಪಂದವು ಮಾರಾಟಕ್ಕಿಂತ ಬೇರೆಯಾದುದು. ಸಿಟ್ಟಿನಿಂದ ಕಂತು ನಿಲ್ಲಿಸಿದವರು, ಸಾಲ ಕೊಟ್ಟ ಸಂಸ್ಥೆ ವಾಹನವನ್ನು ವಶಪಡಿಸಿಕೊಂಡಾಗ ದೋಷದ ಮುಖ್ಯ ಸಾಕ್ಷ್ಯವನ್ನೇ ಕಳೆದುಕೊಳ್ಳುತ್ತಾರೆ. ತುರ್ತು ಸಂದರ್ಭದಲ್ಲಿ ಆಯೋಗದಿಂದ ಮಧ್ಯಂತರ ಆದೇಶ ಕೋರಬಹುದು. ಕಟ್ಟಿದ ಬಡ್ಡಿ ಮತ್ತು ಕಳೆದುಕೊಂಡ ದುಡಿಮೆಯನ್ನು ನಷ್ಟದ ಲೆಕ್ಕದಲ್ಲಿ ಸೇರಿಸಿ ಕೇಳಬಹುದು.

ವಾಹನಗಳ ಹಿಂಪಡೆ

ಒಂದೇ ದೋಷ ಒಂದು ಮಾದರಿಯ ಅನೇಕ ವಾಹನಗಳಲ್ಲಿ ಕಂಡುಬಂದರೆ, ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಸೇರಿಸಲಾದ 110ಎ ಪ್ರಕರಣದಂತೆ ಕೇಂದ್ರ ಸರ್ಕಾರವು ಅವನ್ನು ಹಿಂಪಡೆಯಲು ತಯಾರಕರಿಗೆ ಆದೇಶಿಸಬಹುದು. ಸಂಬಂಧಿಸಿದ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಹಿಂಪಡೆಯ ದುರಸ್ತಿಗೆ ಮಾಲೀಕರು ಹಣ ಕೊಡಬೇಕಾಗಿಲ್ಲ.

ಬಳಸಿದ ವಾಹನಗಳು

ಹಳೆಯ ವಾಹನವನ್ನು ಪರಿಚಿತ ವ್ಯಕ್ತಿಯಿಂದ ನೇರವಾಗಿ ಕೊಂಡಾಗ ಮಾರಿದವನು ವ್ಯಾಪಾರಿಯಲ್ಲದ ಕಾರಣ ಗ್ರಾಹಕ ಕಾಯಿದೆಯ ನೆರವು ಸಿಗುವುದು ಕಷ್ಟ. ಅಲ್ಲಿ ಉಳಿಯುವುದು ಸಿವಿಲ್ ನ್ಯಾಯಾಲಯದ ದಾರಿ. ವ್ಯಾಪಾರಿಯಿಂದ ಕೊಂಡಿದ್ದರೆ ಸ್ಥಿತಿ ಬೇರೆ. ಬಳಸಿದ ವಾಹನಗಳ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆದಿರಬೇಕೆಂಬ ನಿಯಮ 2023ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಮೀಟರ್ ತಿರುಗಿಸಿ ಮಾರಿದ್ದು, ಅಪಘಾತದ ಸಂಗತಿಯನ್ನು ಮುಚ್ಚಿಟ್ಟದ್ದು ಅನುಚಿತ ವ್ಯಾಪಾರ ಪದ್ಧತಿ ಎಂಬ ವಾದಕ್ಕೆ ಆಸ್ಪದ ಕೊಡುತ್ತವೆ.

ಮೇಲ್ಮನವಿ ಮತ್ತು ಆದೇಶದ ಜಾರಿ

ಜಿಲ್ಲಾ ಆಯೋಗದ ಆದೇಶದ ವಿರುದ್ಧ 45 ದಿನಗಳಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಹಣ ಪಾವತಿಸಬೇಕೆಂಬ ಆದೇಶಕ್ಕೆ ಒಳಗಾದವರು ಅದರ ಅರ್ಧದಷ್ಟನ್ನು ಠೇವಣಿ ಇಟ್ಟ ಮೇಲೆಯೇ ಮೇಲ್ಮನವಿ ಸ್ವೀಕೃತವಾಗುತ್ತದೆ. ಆದೇಶವನ್ನು ಪಾಲಿಸದಿದ್ದರೆ ಒಂದು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷಗಳವರೆಗಿನ ಸೆರೆವಾಸ ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ, ಒಂದು ಲಕ್ಷದವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದಕ್ಕಾಗಿ ಆದೇಶ ಪಡೆದವರು ಅದೇ ಆಯೋಗದಲ್ಲಿ ಪ್ರತ್ಯೇಕ ಜಾರಿ ಅರ್ಜಿ ಹಾಕಬೇಕಾಗುತ್ತದೆ.